ಟ್ಯಾಂಕುಗಳ ಧೂಮಾವರಣ

ಧೂಮವು ವಹ್ನಿಯನ್ನು ತಿಳಿಸುವ ಲಿಂಗವೆಂಬುದು ತರ್ಕವನ್ನು ಓದಿದವರೆಲ್ಲರೂ ಬಲ್ಲ ವಿಷಯವು. ಯುದ್ಧತಂತ್ರದಲ್ಲಾದರೋ ಅದೇ ಧೂಮವು ಇರುವ ವಸ್ತುವನ್ನು ಮರೆಸುವ ಸಾಧನವಾಗಿದೆ. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ಹದಿನಾಲ್ಕನೆಯ ಅಧಿಕರಣದಲ್ಲಿ ಕಣ್ಣುಗೆಡಿಸುವ ಧೂಮಯೋಗಗಳು ಹೇಳಲ್ಪಟ್ಟಿವೆ. ಆ ಧೂಮವು ಶತ್ರುವಿನ ಕಣ್ಣನ್ನೇ ಕೆಡಿಸತಕ್ಕದ್ದು. ಈಗಿನ ಟ್ಯಾಂಕುಗಳ ಧೂಮವು ಅವನ ನೋಟಕ್ಕೆ ಅಡ್ಡಲಾಗಿ ನಿಲ್ಲತಕ್ಕದ್ದು. ಇದರ ಸ್ವರೂಪವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

1916ನೆಯ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣಭೂಮಿಯಲ್ಲಿ ಟ್ಯಾಂಕು ಮೊದಲು ಕಾಣಿಸಿಕೊಂಡಿತು. ಉಕ್ಕಿನ ಕವಚವೊಂದರಿಂದಲೇ ಒಳಗಿನವರಿಗೆ ಅಭಯವಿಲ್ಲವೆಂಬುದು ಬೇಗನೆ ವ್ಯಕ್ತವಾಯಿತು. ಮುಂದೆ, ಫಿರಂಗಿಯನ್ನು ಹೊತ್ತು ತಿರುಗುವ ಗೋಪುರದ ಪಕ್ಕಗಳಲ್ಲಿ ಗಿಡ್ಡ ಕೊಳವೆಗಳನ್ನು ಜೋಡಿಸಿ, ಒಳಗಿನಿಂದಲೇ ಹೊಗೆಗುಂಡುಗಳನ್ನು ಹಾರಿಸುವ ಕ್ರಮವು ರೂಢಿಗೆ ಬಂದಿತು. ಎರಡನೆಯ ಮಹಾಯುದ್ಧದ ಜರ್ಮನ್ ಟೈಗರ್ ಟ್ಯಾಂಕಿನಲ್ಲಿ ಪಕ್ಕಕ್ಕೆ ಮೂರರಂತೆ ಆರು ಕೊಳವೆಗಳಿದ್ದುವು. ಬಂದೂಕಿನ ಗುಂಡು ತಗುಲಿ ಅವು ತಾವಾಗಿಯೇ ಹೊತ್ತಿಕೊಂಡು ಒಳಗಿನವರನ್ನೇ ಕಂಗೆಡಿಸಿದುದರಿಂದ 1943ರಲ್ಲಿ ಅವನ್ನು ಕೈಬಿಡಬೇಕಾಯಿತು. ಆದರೂ ಕ್ರಮವು ಅಳಿಯಲಿಲ್ಲ. ಅಮೆರಿಕದ ಏಬ್ರಮ್ಸ್ ಟ್ಯಾಂಕಿನಲ್ಲಿ ಪಕ್ಕಕ್ಕೆ ಆರು ಕೊಳವೆಗಳಿವೆ. ರಷ್ಯನ್ ಟ್ಯಾಂಕುಗಳ 81 ಮಿಲಿಮೀಟರಿನ ಕೊಳವೆಗಳಿಗೆ 'ತೂಚಾ' ಎಂದು ಹೆಸರು. ಆ ಭಾಷೆಯಲ್ಲಿ ಅದಕ್ಕೆ ಕಾರ್ಮುಗಿಲೆಂದರ್ಥ.

ಗುಂಡಿನೊಳಗಣ ಕೆಂಪು ರಂಜಕವು ಉರಿದು, ಅದರಿಂದ ಹುಟ್ಟಿದ ಪದಾರ್ಥವು ಗಾಳಿಯ ತೇವವನ್ನು ಹೀರಿ ಸೂಕ್ಷ್ಮವಾದ ಆಮ್ಲಬಿಂದುಗಳಾಗುತ್ತದೆ. ಆದುದರಿಂದ ಇದು ಹೊಗೆಗಿಂತ ಮಂಜಿಗೆ ಹತ್ತಿರವಾದುದು. ಬಿಂದುಗಳು ಬೆಳಕನ್ನು ಚದರಿಸುವುದರಿಂದ ನೋಟವು ತಡೆಯಲ್ಪಡುತ್ತದೆ. ಆದರೆ ಕಣ್ಣಿಗೆ ಗೋಚರವಾಗುವ ಬೆಳಕಿನ ಅಲೆಯುದ್ದವು ಸುಮಾರು 0.4ರಿಂದ 0.7 ಮೈಕ್ರೋಮೀಟರು; ಶಾಖವನ್ನು ಕಾಣುವ ಯಂತ್ರಗಳು ಹಿಡಿಯುವುದು ಬಹುಮಟ್ಟಿಗೆ 8ರಿಂದ 12 ಮೈಕ್ರೋಮೀಟರಿನ ಅಲೆಗಳನ್ನು. ಸಣ್ಣ ಬಿಂದುಗಳನ್ನು ಈ ದೀರ್ಘವಾದ ಅಲೆಗಳು ಸುಲಭವಾಗಿ ದಾಟುತ್ತವೆ. ಈ ಕೊರತೆಯನ್ನು ನೀಗಲು ಅಮೆರಿಕದ ಎಂ-76 ಗುಂಡಿನಲ್ಲಿ ಹಿತ್ತಾಳೆಯ ನುಣುಪಾದ ಚಕ್ಕೆಗಳನ್ನು ತುಂಬಿದರು. ರಷ್ಯದ ಟಿ-90ರಲ್ಲಿರುವ 'ಷ್ಟೋರಾ', ಎಂದರೆ ತೆರೆ, ಎಂಬ ಯಂತ್ರವು ಶತ್ರುವಿನ ಲೇಸರ್ ಕಿರಣವು ತಾಗಿದುದನ್ನು ಅರಿತು ಆ ದಿಕ್ಕಿಗೆ ಗುಂಡುಗಳನ್ನು ಹಾರಿಸಬಲ್ಲದು.

ಈ ರಕ್ಷಣೆಗೆ ದೋಷಗಳೂ ಉಂಟು. ಗಾಳಿಯು ತೆರೆಯನ್ನು ಹರಿಯುತ್ತದೆ. ಪಕ್ಕದಲ್ಲಿ ನಡೆಯುವ ಸ್ವಪಕ್ಷದ ಕಾಲಾಳುಗಳಿಗೆ ಉರಿಯುವ ರಂಜಕದಿಂದ ಅಪಾಯವಿದೆ. ಒಳಗಿನವರಿಗೂ ಹೊರಗು ಕಾಣದು. ಎಲ್ಲಕ್ಕೂ ಮಿಗಿಲಾದುದು ನಮ್ಮ ತಾರ್ಕಿಕರು ಒಡನೆ ಗುರುತಿಸಬಹುದಾದ ದೋಷವು: ಧೂಮವು ಟ್ಯಾಂಕಿನ ರೂಪವನ್ನು ಮರೆಸಿದರೂ ಅದರ ಇರವನ್ನು ಸಾರುತ್ತದೆ. ಬಿಳಿಯ ಮುಗಿಲನ್ನು ಕಂಡ ಶತ್ರುವು ಅಲ್ಲಿ ಟ್ಯಾಂಕುಂಟೆಂದು ಅನುಮಾನಿಸುವನು. ಅದು ಯಾವ ಎಡೆಯಲ್ಲಿದೆಯೆಂಬುದರಲ್ಲಿ ಮಾತ್ರ ಅವನಿಗೆ ಸಂಶಯವು. ಹೊಗೆಯನ್ನು ಹಾರಿಸಿದ ಬಳಿಕ ನಿಂತಲ್ಲಿಯೇ ನಿಂತ ಟ್ಯಾಂಕು ಆ ಸಂಶಯವನ್ನು ತಾನೇ ಪರಿಹರಿಸಿದಂತಾಗುತ್ತದೆ. ಆದುದರಿಂದ ಧೂಮವು ಕವಚವಲ್ಲ. ಸ್ಥಳವನ್ನು ಬದಲಿಸಲು ದೊರೆತ ಅಲ್ಪಾವಕಾಶ ಮಾತ್ರ. ಒಳಗಿರುವ ಮೂವರು ನಾಲ್ವರ ಪ್ರಾಣವು ಆ ಅವಕಾಶದ ವಿನಿಯೋಗವನ್ನು ಅವಲಂಬಿಸಿದೆ.