ಬಾಯಿಪಾಠವಾದ ಚೆಕ್‌ಲಿಸ್ಟ್

ವಿಮಾನದ ಚೆಕ್‌ಲಿಸ್ಟ್ ಹುಟ್ಟಿದ್ದು ಹೊಸಬರಿಗಾಗಿ ಅಲ್ಲ, ಪಳಗಿದವರಿಗಾಗಿ. 1935ರ ಅಕ್ಟೋಬರ್ 30ರಂದು ಅಮೆರಿಕದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್‌ನ ಹೊಸ ಬಾಂಬರ್ ಮಾಡೆಲ್ 299 ಮೇಲೇರುತ್ತಲೇ ನೆಲಕ್ಕಪ್ಪಳಿಸಿತು. ನಿಂತ ವಿಮಾನದ ಬಾಲದ ನಿಯಂತ್ರಣ ಫಲಕಗಳು ಗಾಳಿಗೆ ಬಡಿದಾಡದಂತೆ ಹಾಕುವ ಗಸ್ಟ್ ಲಾಕ್ ತೆಗೆಯುವುದನ್ನು ನುರಿತ ಪೈಲಟ್‌ಗಳೇ ಮರೆತಿದ್ದರು. ಬರೆದಿಟ್ಟ ಪಟ್ಟಿ ಕಾಕ್‌ಪಿಟ್‌ನ ಶಿಸ್ತಾದದ್ದು ಆ ಬಳಿಕ.

ಪೈಲಟ್‌ಗಳು ಸ್ವಿಚ್ಚು, ಲಿವರ್‌ಗಳನ್ನು ಮೊದಲು ನೆನಪಿನಿಂದಲೇ ಹೊಂದಿಸಿಕೊಳ್ಳುತ್ತಾರೆ. ಆಮೇಲೆ ಒಬ್ಬರು ಪಟ್ಟಿ ಓದಬೇಕು, ಇನ್ನೊಬ್ಬರು ಕಣ್ಣಾರೆ ನೋಡಿ ಉತ್ತರಿಸಬೇಕು. ‘ಫ್ಲಾಪ್ಸ್?’ ಎಂದು ಕೇಳಿದಾಗ ಲಿವರ್ ಎಲ್ಲಿದೆ ಎಂದಷ್ಟೇ ಅಲ್ಲ, ಫ್ಲಾಪ್ ನಿಜಕ್ಕೂ ಇಳಿದಿದೆಯೇ ಎಂದು ಮಾಪಕವನ್ನೂ ನೋಡಬೇಕು. ತೊಡಕು ಇರುವುದು ಇಲ್ಲೇ. ಪ್ರತಿ ಸಲವೂ ಎಲ್ಲ ಸರಿಯಾಗಿಯೇ ಇರುತ್ತದೆ. ಕೊನೆಗೆ ಕಣ್ಣು ಅತ್ತ ಹೊರಳುವ ಮೊದಲೇ ಬಾಯಿ ಉತ್ತರ ಕೊಟ್ಟುಬಿಡುತ್ತದೆ. ಇದು ಸೋಮಾರಿತನವಲ್ಲ, ತಪ್ಪೇ ಸಿಗದ ತಪಾಸಣೆ ಕ್ರಮೇಣ ನಾಮಕಾವಸ್ತೆಯಾಗುವ ಬಗೆ.

2014ರ ಮೇ 31ರಂದು ಮ್ಯಾಸಚೂಸೆಟ್ಸ್‌ನ ಬೆಡ್‌ಫರ್ಡ್‌ನಲ್ಲಿ ಖಾಸಗಿ ಗಲ್ಫ್‌ಸ್ಟ್ರೀಮ್ ಜೆಟ್ ರನ್‌ವೇ ದಾಟಿ ಹೊತ್ತಿ ಉರಿದು ಏಳು ಮಂದಿ ಸತ್ತರು. ಕಾರಣ, ಮತ್ತದೇ ಗಸ್ಟ್ ಲಾಕ್. ವರ್ಷಗಟ್ಟಲೆ ಜೋಡಿಯಾಗಿ ಹಾರಿದ್ದ ಪೈಲಟ್‌ಗಳು ಅವರು. ವಿಮಾನದ ದತ್ತಾಂಶ ತೆಗೆದು ನೋಡಿದರೆ, ಹಿಂದಿನ 175 ಹಾರಾಟಗಳಲ್ಲಿ ನಿಯಂತ್ರಣಗಳ ಪೂರ್ಣ ತಪಾಸಣೆ ನಡೆದದ್ದು ಎರಡೇ ಸಲ.

ಕರ್ನಾಟಕದ ಮಟ್ಟಿಗೆ ದೊಡ್ಡ ಪಾಠ ಮಂಗಳೂರಿನದು. 2010ರ ಮೇ 22ರ ಬೆಳಗಿನ ಜಾವ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ರನ್‌ವೇ ಮೀರಿ ಕಮರಿಗೆ ಬಿತ್ತು. 166 ಮಂದಿಯಲ್ಲಿ ಬದುಕುಳಿದವರು ಎಂಟೇ ಜನ. ಕ್ಯಾಪ್ಟನ್‌ಗೆ 10 ಸಾವಿರ ಗಂಟೆ ಮೀರಿದ ಅನುಭವ; ಅವರಿಗೂ ಸಹ ಪೈಲಟ್‌ಗೂ ಮಂಗಳೂರು ಹೊಸದಲ್ಲ. ಏರ್ ಮಾರ್ಷಲ್ ಭೂಷಣ್ ಗೋಖಲೆ ನೇತೃತ್ವದ ತನಿಖೆಯ ಪ್ರಕಾರ, ಕಾಕ್‌ಪಿಟ್ ಧ್ವನಿಮುದ್ರಣದ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಅಂದು ಮಂಗಳೂರಿನ ರಾಡಾರ್ ಕೆಟ್ಟಿತ್ತು, ಇಳಿಯತೊಡಗಿದ್ದೂ ತಡವಾಯಿತು. ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಬಂತು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಲು ‘ಗೋ ಅರೌಂಡ್’ ಎಂದು ಸಹ ಪೈಲಟ್ ಮೂರು ಸಲ ಹೇಳಿದರು. ಯಂತ್ರವೂ ಎಚ್ಚರಿಸುತ್ತಲೇ ಇತ್ತು. ಕ್ಯಾಪ್ಟನ್ ಕೇಳಲಿಲ್ಲ. ಸುಮಾರು 8,000 ಅಡಿಯ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು 5,200 ಅಡಿ ಕಳೆದ ಮೇಲೆ.

ಇಲ್ಲಿ ಪಟ್ಟಿಯ ಸಾಲಿಗಿಂತ ಹೆಚ್ಚು ಸೋತದ್ದು ಅದರ ಹಿಂದಿನ ತತ್ವ: ಪಕ್ಕದ ಸೀಟಿನವರು ಬೇಡವೆಂದರೆ ನಿಲ್ಲಿಸಬೇಕು. ಹಿರಿಯರಿಗೆ ಎದುರಾಡಬಾರದೆಂಬ ನಮ್ಮ ಸಂಸ್ಕಾರ ಮನೆಯಲ್ಲಿ ಚೆಂದ, ಕಾಕ್‌ಪಿಟ್‌ನಲ್ಲಿ ಅಪಾಯ. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿದ ಪೈಲಟ್‌ನನ್ನು ಶಿಕ್ಷಿಸಬಾರದೆಂಬ ನೀತಿಯನ್ನು ಅನೇಕ ವಿಮಾನಯಾನ ಸಂಸ್ಥೆಗಳು ಅನುಸರಿಸುತ್ತವೆ.

ಮೈಮರೆವನ್ನು ಹಿಡಿಯುವ ಇನ್ನೊಂದು ಉಪಾಯ, ಹಾರಾಟದ ದತ್ತಾಂಶವನ್ನು ಅಪಘಾತಕ್ಕೆ ಕಾಯದೆ ದಿನನಿತ್ಯ ಜಾಲಾಡುವುದು. ಅಂತರರಾಷ್ಟ್ರೀಯ ನಿಯಮ ಇದನ್ನು ಕಡ್ಡಾಯ ಮಾಡಿರುವುದು 27,000 ಕಿಲೋ ಮೀರಿದ ವಾಣಿಜ್ಯ ವಿಮಾನಗಳಿಗೆ. ಹುಬ್ಬಳ್ಳಿಗೆ ಬರುವ ಏರ್‌ಬಸ್‌ಗಳು ಅದರಡಿ ಬರುತ್ತವೆ. ಕೊಪ್ಪಳದ ಬಸಾಪುರದ ಖಾಸಗಿ ಏರ್‌ಸ್ಟ್ರಿಪ್‌ನಂಥ ಕಡೆ ಇಳಿಯುವ ಸಣ್ಣ ವಿಮಾನಗಳಿಗೂ, ಚುನಾವಣೆ ಬಂದಾಗ ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮೈದಾನದಲ್ಲಿ ದೂಳೆಬ್ಬಿಸುವ ಹೆಲಿಕಾಪ್ಟರ್‌ಗಳಿಗೂ ಆ ನಿಯಮ ತಾಗುವುದಿಲ್ಲ.