ಖಚಿತವಾದುದರ ಅರಿವು

ಯುರೋಪಿನ ಬಹುತೇಕ ಭಾಷೆಗಳು ಗಣಿತಕ್ಕೆ ಗ್ರೀಕ್ ಮೂಲದ ಹೆಸರನ್ನೇ ಉಳಿಸಿಕೊಂಡಿವೆ. ಡಚ್ಚರು ಮಾತ್ರ ಅದನ್ನು ‘ವಿಸ್ಕುಂದೆ’ ಎನ್ನುತ್ತಾರೆ. ‘ವಿಸ್’ ಎಂದರೆ ಖಚಿತ, ‘ಕುಂದೆ’ ಎಂದರೆ ಅರಿವು. ಇದರ ಹಿಂದಿನ ರೂಪವಾದ ‘ವಿಸ್‌ಕೋನ್‌ಸ್ಟ್’, ಅಂದರೆ ಖಚಿತವಾದುದರ ಕಲೆ, ಸೀಮೋನ್ ಸ್ಟೆವಿನ್ (1548–1620) ಬಳಕೆಗೆ ತಂದ ಸಮಾಸಪದ.

ಲ್ಯಾಟಿನ್ ವಿದ್ವತ್ತಿನ ಭಾಷೆಯಾಗಿದ್ದ ಕಾಲವದು. ಆದರೂ ದಶಮಾಂಶಗಳನ್ನು ಕುರಿತ ತನ್ನ ಕಿರುಹೊತ್ತಗೆಯನ್ನು 1585ರಲ್ಲಿ ಆತ ಡಚ್ಚಿನಲ್ಲೇ ಪ್ರಕಟಿಸಿದ. ಭೂಮಾಪಕರನ್ನೂ ವರ್ತಕರನ್ನೂ ಉದ್ದೇಶಿಸಿ ಬರೆದ. 1600ರಲ್ಲಿ ಲೈಡನ್‌ನಲ್ಲಿ ಆರಂಭವಾದ ಎಂಜಿನಿಯರಿಂಗ್ ಶಾಲೆಗೆ ಪಠ್ಯಕ್ರಮ ರೂಪಿಸಿದವನೂ ಅವನೇ. ಅಲ್ಲಿಯ ಬೋಧನೆಯೂ ಡಚ್ಚಿನಲ್ಲೇ ನಡೆಯಿತು.

ಆ ಪದ ಇಂದಿಗೂ ಬದುಕಿರುವುದರ ಕಾರಣವನ್ನು ನಾನು ಇಲ್ಲಿ ಕಾಣುತ್ತೇನೆ. ಪಾರಿಭಾಷಿಕ ಪದವನ್ನು ಪಂಡಿತರು ರಚಿಸಬಹುದು. ಅದನ್ನು ಉಳಿಸುವುದು ತರಗತಿ. ಪದಕೋಶದಿಂದ ಹೊರಬಾರದ ಪದಕ್ಕೆ ಆಯುಸ್ಸಿಲ್ಲ.