ಬತ್ತಿದ ಕೆರೆ ಸತ್ತ ಕೆರೆಯಲ್ಲ



ಏಪ್ರಿಲ್ ತಿಂಗಳಲ್ಲಿ ನಮ್ಮ ಬಯಲುಸೀಮೆಯ ಯಾವುದೇ ಊರಿನ ಕೆರೆ ನೋಡಿ. ನೀರಿಲ್ಲ. ನೆಲ ಬಿರುಕು ಬಿಟ್ಟಿರುತ್ತದೆ. ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. "ಇದರಲ್ಲಿ ಇನ್ನೇನಿದೆ, ಬರೀ ಖಾಲಿ ಜಾಗ" ಅಂತ ಜನ ಹೇಳುತ್ತಾರೆ. ಕೆರೆಗೆ ಕಷ್ಟ ಶುರುವಾಗುವುದೂ ಆಗಲೇ. ಒಬ್ಬರು ಅಂಚಿಗೆ ಬೇಲಿ ಹಾಕುತ್ತಾರೆ, ಇನ್ನೊಬ್ಬರು ಕಸ ತಂದು ಸುರಿಯುತ್ತಾರೆ, ಮತ್ತೊಬ್ಬರು ಇಟ್ಟಿಗೆಗೆಂದು ಮಣ್ಣು ಅಗೆದು ಆಳದ ಗುಂಡಿ ಮಾಡಿ ಹೋಗುತ್ತಾರೆ.

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಇವುಗಳಲ್ಲಿ ಬಹಳಷ್ಟು ಕೆರೆಗಳು ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಬತ್ತುವಂಥವು. ಬತ್ತುವುದು ರೋಗವಲ್ಲ, ಅದು ಕೆರೆಯ ಬಾಳಿನ ಒಂದು ಭಾಗ. ಇಲ್ಲಿನ ಗಿಡ, ಮೀನು, ಕಪ್ಪೆ, ಹಕ್ಕಿ ಎಲ್ಲವೂ ಈ ತುಂಬುವ ಮತ್ತು ಬತ್ತುವ ಲೆಕ್ಕಕ್ಕೆ ಹೊಂದಿಕೊಂಡೇ ಬದುಕುತ್ತವೆ. ಹೇಗೆ ಎಂದು ತಿಳಿದುಕೊಂಡರೆ, ಒಣಗಿದ ಕೆರೆಯನ್ನು ಖಾಲಿ ಜಾಗ ಅನ್ನಲು ಬಾಯಿ ಬರುವುದಿಲ್ಲ.

ಒಣ ಮಣ್ಣಿನ ಉಳಿತಾಯ

ನಾವು ವಾರ ವಾರ ಉಳಿತಾಯ ಕಟ್ಟುತ್ತೇವೆ. ಪಾಸ್ ಪುಸ್ತಕ ನೋಡಿದರೆ ಬರೀ ಅಂಕಿ, ಆದರೆ ಕಷ್ಟಕಾಲಕ್ಕೆ ಅದೇ ದುಡ್ಡು. ಕೆರೆಯ ಮಣ್ಣೂ ಹಾಗೆಯೇ. ಮೇಲೆ ನೋಡಿದರೆ ಒಣ ಹೆಂಟೆ, ಒಳಗೆ ಮುಂದಿನ ವರ್ಷದ ಬಂಡವಾಳ.

ಬಸವನಹುಳುವನ್ನೇ ನೋಡಿ. ಕೆರೆಯ ದೊಡ್ಡ ಬಸವನಹುಳುವಿಗೆ ನೀರಿನಲ್ಲಿ ಉಸಿರಾಡಲು ಕಿವಿರು ಇದೆ, ಗಾಳಿಯಲ್ಲಿ ಉಸಿರಾಡಲು ಶ್ವಾಸಕೋಶದಂಥ ಚೀಲವೂ ಇದೆ. ನೀರು ಬತ್ತುತ್ತಿದ್ದಂತೆ ಅದು ಮಣ್ಣಿನೊಳಗೆ ಇಳಿದು, ಚಿಪ್ಪಿನ ಬಾಗಿಲನ್ನು ಭದ್ರವಾಗಿ ಮುಚ್ಚಿಕೊಂಡು ತಿಂಗಳುಗಟ್ಟಲೆ ಮಲಗುತ್ತದೆ. ಮಳೆ ಬಿದ್ದು ಮಣ್ಣು ನೆಂದಾಗ ಬಾಗಿಲು ತೆಗೆದು ಹೊರಗೆ ಬರುತ್ತದೆ.

ಕೊರವ ಮೀನು ನೀರಿನಿಂದ ತಲೆ ಎತ್ತಿ ಗಾಳಿ ಕುಡಿಯಬಲ್ಲದು. ಹಾಗಾಗಿ ಬೇರೆ ಮೀನು ಸಾಯುವಂಥ ಕೆಸರಿನಲ್ಲೂ ಅದು ಬಹಳ ದಿನ ತಡೆಯುತ್ತದೆ. ಕೆಲವು ಜಾತಿಯ ಕಪ್ಪೆಗಳು ಹಿಂಗಾಲಿನಿಂದ ಮಣ್ಣು ತೋಡಿ ನೆಲದೊಳಗೆ ಸೇರಿಕೊಳ್ಳುತ್ತವೆ. ಮಳೆನೀರಿನ ಹೊಂಡಗಳಲ್ಲಿ ಕಾಣುವ, ಸೀಗಡಿಯ ಸಂಬಂಧದ ಕೆಲವು ಪುಟ್ಟ ಜೀವಿಗಳ ಮೊಟ್ಟೆಗಳು ಒಣ ಮಣ್ಣಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತವೆ.

ಗಿಡಗಳದ್ದೂ ಇದೇ ಕಥೆ. ತಾವರೆ ಮತ್ತು ನೈದಿಲೆಯ ಗೆಡ್ಡೆ ಕೆಸರಿನಲ್ಲಿ ಉಳಿದು ನೀರು ಬಂದಾಗ ಚಿಗುರುತ್ತದೆ. ಜೊಂಡಿನ ಬೇರೂ ಹಾಗೆಯೇ. ತಾವರೆ ಬೀಜವಂತೂ ಬಹಳ ಗಟ್ಟಿ. ಚೀನಾ ದೇಶದಲ್ಲಿ ಒಣಗಿಹೋದ ಹಳೇ ಕೆರೆಯೊಂದರ ಮಣ್ಣಿನಲ್ಲಿ ಸಿಕ್ಕಿದ, ಸಾವಿರ ವರ್ಷಕ್ಕೂ ಹಳೆಯದಾದ ತಾವರೆ ಬೀಜ ಮೊಳಕೆ ಒಡೆದಿದೆ!

ಮುಂಗಾರಿನ ಗದ್ದಲ

ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಕೆರೆ ಅಂಗಳದಿಂದ ಕಪ್ಪೆಗಳ ವಟಗುಟ್ಟುವಿಕೆ ಮನೆಯವರೆಗೂ ಕೇಳುತ್ತದೆ. ದೊಡ್ಡ ಜಾತಿಯ ಗಂಡು ಕಪ್ಪೆಗಳು ಆ ದಿನಗಳಲ್ಲಿ ಅರಿಶಿನ ಬಳಿದ ಹಾಗೆ ಹಳದಿಯಾಗುತ್ತವೆ. ಹೊಸ ನೀರಿನಲ್ಲಿ ದೊಡ್ಡ ಮೀನುಗಳು ಕಡಿಮೆ ಇರುವುದರಿಂದ ಕಪ್ಪೆಮರಿಗಳಿಗೆ ಅದು ಒಳ್ಳೆಯ ತೊಟ್ಟಿಲು. ಅಂದರೆ, ಹಿಂದಿನ ಬೇಸಿಗೆಯಲ್ಲಿ ಕೆರೆ ಬತ್ತಿದ್ದೇ ಕಪ್ಪೆಗೆ ಒಳ್ಳೆಯದಾಯಿತು.

ಕಪ್ಪೆಯಿಂದ ನಮಗೇನು ಅನ್ನಬೇಡಿ. ಗದ್ದೆಯ ಹುಳುಗಳನ್ನು ಅದು ಸಂಬಳವಿಲ್ಲದೆ ತಿನ್ನುತ್ತದೆ. ಒಂದು ಕಾಲದಲ್ಲಿ ನಮ್ಮ ದೇಶದಿಂದ ಕಪ್ಪೆಯ ಕಾಲುಗಳನ್ನು ಹೊರದೇಶಕ್ಕೆ ಮಾರುತ್ತಿದ್ದರು. ಕಪ್ಪೆ ಕಡಿಮೆಯಾದರೆ ಪೈರಿಗೆ ಹುಳು ಹೆಚ್ಚುತ್ತದೆ ಎಂಬ ಆತಂಕ ಬೆಳೆಯಿತು. 1987ರಲ್ಲಿ ಭಾರತ ಸರ್ಕಾರ ಈ ರಫ್ತನ್ನು ನಿಷೇಧಿಸಿತು. ಏರೋಪ್ಲೇನ್ ಚಿಟ್ಟೆಯ ಮರಿಗಳು ನೀರಿನಲ್ಲಿದ್ದು ಸೊಳ್ಳೆಮರಿಗಳನ್ನು ತಿನ್ನುತ್ತವೆ. ಚೊಕ್ಕಟವಾದ ಕೆರೆಗಿಂತ ಚರಂಡಿಯ ಬಳಿ ಸೊಳ್ಳೆ ಜಾಸ್ತಿ ಇರಲು ಇದೂ ಒಂದು ಕಾರಣ.

ಕೆರೆ ತುಂಬಿ ತಾವರೆ ಎಲೆ ಹರಡಿದ ಮೇಲೆ ಉದ್ದಬಾಲದ ದೇವನಕ್ಕಿ ಎಲೆಯ ಮೇಲೇ ನಡೆದಾಡುತ್ತದೆ. ಅದರ ಕಾಲ್ಬೆರಳುಗಳು ಅಷ್ಟು ಉದ್ದ, ಹಾಗಾಗಿ ಮುಳುಗುವುದಿಲ್ಲ. ಈ ಹಕ್ಕಿಯಲ್ಲಿ ಹೆಣ್ಣು ಮೊಟ್ಟೆ ಇಟ್ಟು ಹೊರಟುಬಿಡುತ್ತದೆ. ಕಾವು ಕೊಡುವುದು, ಮರಿ ನೋಡಿಕೊಳ್ಳುವುದು ಎಲ್ಲಾ ಗಂಡಿನ ಕೆಲಸ! ಸಂಘದ ಸಭೆಗೆ ಹೋಗಲು ಮನೆಯಲ್ಲಿ ತಕರಾರು ಇದ್ದರೆ ಈ ಸಂಗತಿಯನ್ನು ಒಮ್ಮೆ ಹೇಳಿ ನೋಡಿ.

ಚಳಿಗಾಲದ ನೆಂಟರು

ನವೆಂಬರ್ ಹೊತ್ತಿಗೆ ದೂರದ ನೆಂಟರು ಬರುತ್ತಾರೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿ ಮಾಗಡಿ ಕೆರೆ ಇದೆ. ನೀರಾವರಿಗೆಂದು ಜನ ಕಟ್ಟಿದ ಕೆರೆ ಅದು. ಟಿಬೆಟ್, ಮಂಗೋಲಿಯಾ ಕಡೆಯಲ್ಲಿ ಮರಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಸಾವಿರಾರು ಸಂಖ್ಯೆಯಲ್ಲಿ ಅಲ್ಲಿಗೆ ಬರುತ್ತವೆ. ಅವು ಕೆರೆಯಲ್ಲಿ ವಿಶ್ರಾಂತಿ ಪಡೆದು, ಸುತ್ತಲ ಹೊಲಗಳಿಗೆ ಹೋಗಿ ಮೇಯುತ್ತವೆ.

2024ರ ಜನವರಿಯಲ್ಲಿ ಮಾಗಡಿ ಕೆರೆಯನ್ನೂ ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಯನ್ನೂ ರಾಮ್‌ಸರ್ ಪಟ್ಟಿಗೆ ಸೇರಿಸಲಾಯಿತು. ಪ್ರಪಂಚದ ಮುಖ್ಯವಾದ ಜೌಗುನೆಲಗಳನ್ನು ಕಾಪಾಡಲು 1971ರಲ್ಲಿ ಇರಾನ್ ದೇಶದ ರಾಮ್‌ಸರ್ ಪಟ್ಟಣದಲ್ಲಿ ದೇಶಗಳು ಒಪ್ಪಂದ ಮಾಡಿಕೊಂಡವು. ಅದರಂತೆ ತಯಾರಾದ ಪಟ್ಟಿ ಇದು. ನಮ್ಮ ಹಿರಿಯರು ಹೊಲಕ್ಕೆ ನೀರು ಬೇಕೆಂದು ಕಟ್ಟಿದ ಕೆರೆ ಇಂದು ಪ್ರಪಂಚದ ಲೆಕ್ಕಕ್ಕೆ ಸೇರಿದೆ ಎಂದರೆ ಸಣ್ಣ ಮಾತಲ್ಲ.

ನೀರು ಇಳಿಯುವ ಕಾಲವೇ ಊಟದ ಕಾಲ

ಜನವರಿಯಿಂದ ನೀರು ಇಳಿಯತೊಡಗುತ್ತದೆ. ನಮಗೆ ಅದು ಚಿಂತೆಯ ವಿಷಯ. ಕೊಕ್ಕರೆಗೆ ಅದೇ ಸುಗ್ಗಿ. ಕೆರೆ ತುಂಬಿದ್ದಾಗ ಮೀನು ಎಲ್ಲೆಲ್ಲೋ ಇರುತ್ತದೆ, ಕೊಕ್ಕಿಗೆ ಸಿಗುವುದಿಲ್ಲ. ನೀರು ಮೊಣಕಾಲಿನ ಮಟ್ಟಕ್ಕೆ ಇಳಿದಾಗ ಮೀನು ಒಂದೇ ಕಡೆ ಸೇರುತ್ತದೆ. ಬಣ್ಣದ ಕೊಕ್ಕರೆ ಅರ್ಧ ಬಾಯಿ ತೆರೆದು ಕೊಕ್ಕನ್ನು ನೀರಿನಲ್ಲಿ ಆಡಿಸುತ್ತದೆ, ಮೀನು ತಾಗಿದ ಕೂಡಲೇ ಕಚ್ಚುತ್ತದೆ. ಬಾಯ್ಕಳಕ ಎಂಬ ಕೊಕ್ಕರೆಯ ಕೊಕ್ಕು ಮುಚ್ಚಿದರೂ ನಡುವೆ ಸಂದು ಇರುತ್ತದೆ. ಅದರ ಮುಖ್ಯ ಆಹಾರ ಆಗಲೇ ಹೇಳಿದ ಬಸವನಹುಳು.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು ಇದೇ ಕಾಲಕ್ಕೆ ಬಂದು ಊರೊಳಗಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ. ಸುತ್ತಲ ಕೆರೆಗಳಿಂದ, ಶಿಂಷಾ ನದಿಯಿಂದ ಮೀನು ತಂದು ಮರಿಗಳನ್ನು ಸಾಕುತ್ತವೆ. ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ಕಾಣುತ್ತಾರೆ. ಮರದಡಿ ಬೀಳುವ ಹಿಕ್ಕೆ ಹೊಲಕ್ಕೆ ಗೊಬ್ಬರ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಆದರೆ ಒಂದು ಮಾತು. ಊರಿನವರು ಮರ ಉಳಿಸಿದರೂ ಸುತ್ತಲ ಕೆರೆಗಳು ಹಾಳಾದರೆ ತವರಿಗೆ ಬಂದ ಮಗಳಿಗೆ ಬಡಿಸಲು ಏನಿರುತ್ತದೆ?

ಪೂರ್ತಿ ಬತ್ತಿದ ಮೇಲೂ ಕೆರೆಗೆ ಬಿಡುವಿಲ್ಲ. ಟಿಟ್ಟಿಭ ಹಕ್ಕಿ ಬರೀ ನೆಲದ ಮೇಲೆ, ಕಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ ಮಣ್ಣಿನಂತೆಯೇ ಇರುವುದರಿಂದ ಕಾಣುವುದಿಲ್ಲ. ಅಂಗಳದ ಹುಲ್ಲನ್ನು ದನ ಕುರಿ ಮೇಯುತ್ತವೆ. ಅವುಗಳ ಸಗಣಿ ಹಿಕ್ಕೆ ಮುಂದಿನ ನೀರಿಗೆ ಗೊಬ್ಬರವಾಗುತ್ತದೆ.

ನಮ್ಮ ಪಾಲು

ಕೆರೆಯಂಚಿನ ಸೊಪ್ಪು ನಮಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಹೊನಗೊನ್ನೆ ಸೊಪ್ಪಿನ ಸಾರು, ಒಂದೆಲಗದ ಚಟ್ನಿ, ತಲೆಗೆ ಹಚ್ಚುವ ಎಣ್ಣೆಗೆ ಗರಗದ ಸೊಪ್ಪು, ಚಾಪೆ ಹೆಣೆಯಲು ಜೊಂಡು, ಎಲ್ಲವೂ ಇಲ್ಲಿಯವೇ. ದುಡ್ಡು ಕೊಡದೆ ಸಿಗುವ ಈ ಸೊಪ್ಪು ಎಷ್ಟೋ ಬಡ ಮನೆಗಳ ತಟ್ಟೆಯಲ್ಲಿದೆ. ಆದರೆ ಚರಂಡಿ ಅಥವಾ ಕಾರ್ಖಾನೆಯ ನೀರು ಸೇರುವ ಕೆರೆಯ ಸೊಪ್ಪನ್ನು ಖಂಡಿತ ಕೊಯ್ಯಬೇಡಿ. ಆ ನೀರಿನಲ್ಲಿರುವ ವಿಷದ ಲೋಹಗಳು ಸೊಪ್ಪಿಗೆ ಸೇರುತ್ತವೆ. ತೊಳೆದರೂ ಕುದಿಸಿದರೂ ಹೋಗುವುದಿಲ್ಲ.

ಕೆರೆಯಲ್ಲಿ ನಿಂತ ನೀರು ನೆಲಕ್ಕಿಳಿದು ಅಕ್ಕಪಕ್ಕದ ಬಾವಿ, ಬೋರ್‌ವೆಲ್‌ಗಳಿಗೆ ಸೇರುತ್ತದೆ. ಬೇಸಿಗೆಯಲ್ಲಿ ಕೊಡ ಹಿಡಿದು ದೂರ ನಡೆಯಬೇಕಾದವರು ಹೆಂಗಸರೇ ಅಲ್ಲವೇ? ಹಾಗಾಗಿ ಕೆರೆಯ ಮಾತು ನಮ್ಮ ಮಾತು.

ಕೆರೆ ಕೆಡುವುದು ಹೀಗೆ

ಬತ್ತಿದ್ದರಿಂದ ಕೆರೆ ಸಾಯುವುದಿಲ್ಲ. ಮತ್ತೆ ತುಂಬದಂತೆ ಮಾಡಿದರೆ ಸಾಯುತ್ತದೆ. ನೀರು ತರುವ ಕಾಲುವೆ ಮುಚ್ಚಿದರೆ ಎಷ್ಟು ಮಳೆ ಬಿದ್ದರೂ ಉಪಯೋಗವಿಲ್ಲ. ಅಂಚು ಒತ್ತುವರಿಯಾದರೆ ಮೊದಲು ಹೋಗುವುದು ತೆಳು ನೀರಿನ ಜಾಗ. ಸೊಪ್ಪು, ಕಪ್ಪೆಮರಿ, ಹಕ್ಕಿಗಳಿಗೆ ಬೇಕಾದದ್ದು ಅದೇ ಜಾಗ.

ಹೂಳೆತ್ತುವುದು ಒಳ್ಳೆಯ ಕೆಲಸ. ಹಿಂದೆ ರೈತರು ಬೇಸಿಗೆಯಲ್ಲಿ ಕೆರೆ ಗೋಡನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಗೂ ಲಾಭ, ಹೊಲಕ್ಕೂ ಲಾಭ. ಆದರೆ ಇಡೀ ಕೆರೆಯನ್ನು ಜೆಸಿಬಿಯಿಂದ ಬಾಣಲೆಯಂತೆ ಒಂದೇ ಸಲ ಅಗೆದರೆ ಮಣ್ಣಿನ ಉಳಿತಾಯವೆಲ್ಲ ಲಾರಿ ಹತ್ತಿ ಹೋಗುತ್ತದೆ. ಕಡಿದಾದ ಗುಂಡಿಗಳಲ್ಲಿ ನೀರು ತುಂಬಿದಾಗ ಆಳ ತಿಳಿಯದೆ ಮಕ್ಕಳೂ ದನಗಳೂ ಮುಳುಗುವ ಅಪಾಯವಿದೆ.

ಹೊರಗಿನಿಂದ ಬಂದವುಗಳ ಕಾಟವೂ ಇದೆ. ದಕ್ಷಿಣ ಅಮೆರಿಕದಿಂದ ಬಂದ ವಾಟರ್ ಹಯಸಿಂತ್ ಎಂಬ ನೀಲಿ ಹೂವಿನ ಜಲಕಳೆ ನೀರನ್ನೇ ಮುಚ್ಚಿಬಿಡುತ್ತದೆ. ಬಳ್ಳಾರಿ ಜಾಲಿ ಒಣ ಅಂಗಳವನ್ನು ಆಕ್ರಮಿಸುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ನಮ್ಮ ನಾಡ ಮೀನುಗಳನ್ನು ತಿಂದು ಹಾಕುತ್ತದೆ. ಅದರ ಸಾಕಣೆಗೆ ನಿಷೇಧವಿದೆ.

ಸಂಘ ಏನು ಮಾಡಬಹುದು?

* ಮಳೆಗೆ ಮೊದಲು, ಮೇ ತಿಂಗಳಲ್ಲಿ, ಎಲ್ಲರೂ ಸೇರಿ ಕೆರೆಗೆ ನೀರು ಬರುವ ಕಾಲುವೆಯ ಉದ್ದಕ್ಕೂ ನಡೆದು ನೋಡಿ. ಎಲ್ಲಿ ಕಟ್ಟಿದೆ, ಎಲ್ಲಿ ಚರಂಡಿ ಸೇರಿದೆ ಎಂದು ಬರೆದು ಪಂಚಾಯಿತಿಗೆ ಅರ್ಜಿ ಕೊಡಿ. ಸ್ವೀಕೃತಿ ಪಡೆಯಲು ಮರೆಯಬೇಡಿ.
* ಹೂಳೆತ್ತುವ ಕೆಲಸ ಬಂದಾಗ ಗ್ರಾಮಸಭೆಯಲ್ಲಿ ಕೇಳಿ: ಅಂಚು ಇಳಿಜಾರಾಗಿ ಇರಲಿ, ಒಂದು ಭಾಗವನ್ನು ಮುಟ್ಟದೆ ಬಿಡಿ, ಕೆರೆಯೊಳಗಿನ ಕರಿಜಾಲಿ ಮರಗಳಲ್ಲಿ ಹಕ್ಕಿ ಗೂಡಿದ್ದರೆ ಕಡಿಯಬೇಡಿ.
* ಔಷಧಿ ಹೊಡೆಯುವ ಪಂಪು, ಡಬ್ಬಿಗಳನ್ನು ಕೆರೆಯಲ್ಲಿ ತೊಳೆಯದಂತೆ ಮನೆಯವರಿಗೆ ಹೇಳಿ.
* ಹಕ್ಕಿ ಹಿಡಿಯುವುದು, ಮೊಟ್ಟೆ ಕದಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಮಕ್ಕಳಿಗೆ ತಿಳಿಸಿ.
* 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮೀನು, ಹಕ್ಕಿಗಳ ದಾಖಲಾತಿ ಪುಸ್ತಕವೂ ಇರಬೇಕು. ಅದರಲ್ಲಿ ನಿಮಗೆ ಗೊತ್ತಿರುವ ಸೊಪ್ಪುಗಳ ಹೆಸರು ಬರೆದಿದೆಯೇ ಎಂದು ವಿಚಾರಿಸಿ. ಬರೆದಿಲ್ಲದಿದ್ದರೆ ಬರೆಸಿ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಕೆರೆ ಕಳೆದ ಬಾರಿ ಕೋಡಿ ಬಿದ್ದದ್ದು ಯಾವ ವರ್ಷ? ಈಗ ಏಕೆ ತುಂಬುತ್ತಿಲ್ಲ?
2. ನಮ್ಮ ಅಜ್ಜಿಯಂದಿರು ಕೆರೆಯಂಚಿನಿಂದ ಎಷ್ಟು ಬಗೆಯ ಸೊಪ್ಪು ತರುತ್ತಿದ್ದರು? ಈಗ ಎಷ್ಟು ಸಿಗುತ್ತವೆ?
3. ಒಣಗಿದ ಕೆರೆಗೆ ಕಸ ಹಾಕುವುದನ್ನು ನಿಲ್ಲಿಸಲು ಯಾರು, ಯಾವತ್ತು, ಏನು ಮಾಡುತ್ತೇವೆ? ನಿರ್ಣಯವನ್ನು ಸಂಘದ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ.